ಕಾಶವ್ವ ಬಿಟ್ಟುಕೊಟ್ಟ ಮಣ್ಣು

ಗ್ರೀನ್‌ಫರ್ಡಿನಲ್ಲಿ ಕಾಶವ್ವನ ಫ್ಲ್ಯಾಟಿನ ಹಿಂದೆ ಒಂದು ಮೆಂತ್ಯದ ಪಾತಿ ಇತ್ತು. ಹಿತ್ತಲು ಎಂದರೆ ದೊಡ್ಡ ಮಾತಾಗುತ್ತದೆ. ಎರಡು ಚಾಪೆ ಹಾಸುವಷ್ಟು ಕೌನ್ಸಿಲಿನ ನೆಲ, ಅಷ್ಟೆ. ಬೇಸಿಗೆ ಬಂತೆಂದರೆ ಅಲ್ಲಿ ಮೆಂತ್ಯ ಸೊಂಪಾಗಿ ಏಳುತ್ತಿತ್ತು. ಆದರೆ ಕಾಶವ್ವ ಅದರ ಒಂದು ಎಲೆಯನ್ನೂ ಕೀಳುತ್ತಿರಲಿಲ್ಲ, ಬೇರೆಯವರಿಗೆ ಕೀಳಲು ಬಿಡುತ್ತಲೂ ಇರಲಿಲ್ಲ. ಪಲ್ಯಕ್ಕೆ ಬೇಕಾದ ಸೊಪ್ಪನ್ನು ಬಸ್ಸು ಹತ್ತಿ ಹೋಗಿ ಸೌತಾಲಿನಿಂದ ತರುತ್ತಿದ್ದಳು. ಮನೆಯಲ್ಲಿ ಬೆಳೆದದ್ದು ಹೂ ಬಿಟ್ಟು, ಕಾಯಿ ಕಟ್ಟಿ, ಒಣಗಿ ಬೀಳುತ್ತಿತ್ತು. ಮಗಳು ಪ್ರಿಯಾಂಕಾ ಇದನ್ನು ಅವ್ವನ ಹುಚ್ಚುಗಳಲ್ಲಿ ಒಂದೆಂದುಕೊಂಡು ಸುಮ್ಮನಾಗಿದ್ದಳು. ಹುಚ್ಚಲ್ಲ ಅದು. ಏನೆಂದು ತಿಳಿಯಬೇಕಾದರೆ ಮೊದಲು ಕಲ್ಲಯ್ಯನ ಕಥೆ ಹೇಳಬೇಕು.

ಕಲ್ಲಯ್ಯ ಕಾಶವ್ವನ ಗಂಡ. ಇಬ್ಬರೂ ವಿಜಯಪುರದ ಕಡೆಯವರು. ಆಗಿನ್ನೂ ಅದು ಬಿಜಾಪುರ. ಅವನು ಜಂಗಮರ ಮನೆಯ ಮಗ, ಅಂದರೆ ಲಿಂಗಾಯತರ ಪಾಲಿಗೆ ಅಯ್ಯನವರು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲ ಕರೆ ಇವರ ಮನೆಗೇ ಬರುತ್ತಿತ್ತು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ, ಹಣೆಗೆ ವಿಭೂತಿ ಬಳಿದು, ಜೀವಮಾನವಿಡೀ ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡಗೈಯಲ್ಲಿಟ್ಟು, ಬಿಲ್ವದ ಪತ್ರಿ ಏರಿಸಿ, ಕೂತ ಹಾಗೆಯೇ ಮಣ್ಣು ಕೊಡುತ್ತಾರೆ. ಅದಕ್ಕೂ ಮುಂಚೆ ಅಯ್ಯನವರು ಸತ್ತವರ ತಲೆಯ ಮೇಲೆ ಪಾದವಿಟ್ಟು ಕಳಿಸಿಕೊಡಬೇಕು. ಕಲ್ಲಯ್ಯ ಮೀಸೆ ಮೂಡುವ ಮೊದಲೇ ಆ ಕೆಲಸಕ್ಕೆ ನಿಂತವನು. ಬದುಕಿದ್ದಾಗ ಎದುರಿಗೆ ನಿಂತು ಮಾತಾಡಲು ಊರೇ ಹೆದರುತ್ತಿದ್ದ ಗೌಡರ ತಲೆಯ ಮೇಲೂ ಅವನ ಪಾದ ಬಿದ್ದಿತ್ತು.

ಅಂಥವನು ಲಂಡನ್ನಿಗೆ ಬಂದದ್ದು ರೊಟ್ಟಿಯ ದೆಸೆಯಿಂದ. ಅವನ ಸೋದರಮಾವನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡ ಒಬ್ಬ ಹೋಟೆಲಿನವನು, ಇಂಥ ಕೈ ನನ್ನ ಟೂಟಿಂಗಿನ ಹೋಟೆಲಿಗೆ ಬೇಕು ಎಂದು ವೀಸಾ ಮಾಡಿಸಿ ಕರೆತಂದ. ಕರೆತಂದವನು ಮೊದಲ ದಿನವೇ ಕೈಗೆ ದೋಸೆಯ ಸೌಟು ಕೊಟ್ಟ. ಇಲ್ಲಿನ ಗಿರಾಕಿಗಳಿಗೆ ಜೋಳದ ರೊಟ್ಟಿ ಗೊತ್ತಿಲ್ಲವಂತೆ! ಕಲ್ಲಯ್ಯ ದೋಸೆ ಕಲಿತ. ಕೆಲವು ವರ್ಷ ಹೊಗೆ ಕುಡಿದು, ಕಾಶವ್ವ ಬಂದು, ಮಗಳು ಹುಟ್ಟಿದ ಮೇಲೆ ಗ್ರೀನ್‌ಫರ್ಡಿನ ಬ್ರೆಡ್ಡಿನ ಗೋದಾಮಿನಲ್ಲಿ ಕೆಲಸ ಹಿಡಿದ. ಊರಲ್ಲಿ ಮುದುಕರೂ ಬಾಗಿ ಪಾದ ಮುಟ್ಟುತ್ತಿದ್ದವನನ್ನು ಇಲ್ಲಿ ಇಪ್ಪತ್ತೈದರ ಸೂಪರ್‌ವೈಜರ್ 'ಕ್ಯಾಲ್' ಎಂದು ಕೂಗಿ ಟ್ರಾಲಿ ತಳ್ಳಲು ಹೇಳುತ್ತಿದ್ದ. ಕಲ್ಲಯ್ಯ ಅದನ್ನು ಮನೆಗೆ ಬಂದು ಹೇಳಿ ನಗುತ್ತಿದ್ದ. ಕಾಶವ್ವ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಸ್ಯಾಂಡ್‌ವಿಚ್ಚಿಗೆ ಮೊಟ್ಟೆ ತುಂಬುತ್ತಿದ್ದಳು. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದವಳು, "ಗ್ಲೌಸ್ ಇರತಾವಲ್ರಿ, ನಾ ಎಲ್ಲಿ ಮುಟ್ಟಿದಂಗಾತು?" ಎಂದು ಗಂಡನಿಗೇ ಶಾಸ್ತ್ರ ಹೇಳುತ್ತಿದ್ದಳು.

ಅವರು ಸಂತೆಗೆ ಹೋಗುವ ಬಸ್ಸು ಒಂದು ಸ್ಮಶಾನದ ಪಕ್ಕ ಹಾದು ಹೋಗುತ್ತಿತ್ತು. ಮೇಲಿನ ಅಂತಸ್ತಿನಲ್ಲಿ ಕೂತರೆ ಗೋಡೆಯಾಚೆ ಸಾಲು ಕಲ್ಲುಗಳು, ಹೊಸದಾಗಿ ತೋಡಿದ ಕೆಂಪು ಮಣ್ಣು ಕಾಣುತ್ತಿದ್ದವು. ಕಲ್ಲಯ್ಯ ಪ್ರತಿ ಸಲವೂ ಅತ್ತ ನೋಡಿ, "ಇವರೂ ನಮ್ಮಂಗ ಮಣ್ಣ ಕೊಡ್ತಾರ ನೋಡ. ಚಿಂತಿಲ್ಲ," ಎನ್ನುತ್ತಿದ್ದ. ಅದೊಂದು ಸಮಾಧಾನ ಅವನಿಗೆ.

೧೯೯೪ರ ಚಳಿಗಾಲದ ಒಂದು ಮಧ್ಯಾಹ್ನ ಕಲ್ಲಯ್ಯ ಟ್ರಾಲಿ ತಳ್ಳುತ್ತಲೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನರ್ಸು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅವನ ಕೈಗಡಿಯಾರ, ಪಾಕೀಟು, ಬೆಳ್ಳಿಯ ಕರಡಿಗೆ ತಂದುಕೊಟ್ಟಳು. ಕರಡಿಗೆ ಎಂದರೆ ಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ. ಮೈಯಿಂದ ಯಾವತ್ತೂ ಬೇರೆಯಾಗಬಾರದ್ದು ಹೀಗೆ ಚೀಲದಲ್ಲಿ ಬಂದಿತ್ತು. ಇರಲಿ, ಮಣ್ಣು ಕೊಡುವಾಗ ಕೈಯಲ್ಲಿಟ್ಟರಾಯಿತು ಎಂದು ಕಾಶವ್ವ ಉಡಿಯಲ್ಲಿ ಕಟ್ಟಿಕೊಂಡಳು.

ಸುದ್ದಿ ಮುಟ್ಟಿದ್ದೇ ಪಿನ್ನರಿನಿಂದ ಡಾಕ್ಟರ್ ರಾಮಪ್ರಸಾದ್ ಓಡಿಬಂದರು. ಮೈಸೂರಿನವರು, ಲಂಡನ್ನಿನ ಕನ್ನಡದವರಲ್ಲಿ ಯಾರಿಗೆ ಏನಾದರೂ ಕರೆಯುವ ಮೊದಲೇ ಬಂದು ನಿಲ್ಲುವ ಮನುಷ್ಯ. ಜೊತೆಗೆ ಹೆಂಡತಿ ಕಲ್ಯಾಣಿ, ಒಂದು ದೊಡ್ಡ ಡಬ್ಬಿ ಮೊಸರನ್ನ ಹೊತ್ತುಕೊಂಡು. ಮುಂದಿನ ಕೋಣೆಯಲ್ಲಿ ಶವಸಂಸ್ಕಾರದ ಅಂಗಡಿಯವನು, ಡಾಕ್ಟರು, ಅವರ ನಡುವೆ ಹನ್ನೆರಡು ವರ್ಷದ ಪ್ರಿಯಾಂಕಾ. ಒಳಗಿನ ಕೋಣೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕಾಶವ್ವ. "ನೀವೇನೂ ಯೋಚನೆ ಮಾಡ್ಬೇಡಿ ಕಾಶಮ್ಮ, ಎಲ್ಲಾ ನಮ್ಮೆಜಮಾನ್ರು ನೋಡ್ಕೋತಾರೆ," ಎಂದು ಕಲ್ಯಾಣಿ ಅವಳ ಬೆನ್ನು ಸವರುತ್ತಿದ್ದರು. ಕಾಶವ್ವ ಏನೂ ಕೇಳಲಿಲ್ಲ. ಏನು ಕೇಳುವುದು? ಅವಳ ಊರಲ್ಲಿ ಹೆಣದ ಮನೆಯ ಹೆಂಗಸು ಅಳುತ್ತಾಳೆ, ಉಳಿದದ್ದು ತನ್ನಷ್ಟಕ್ಕೆ ನಡೆಯುತ್ತದೆ. ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಕೇಳುವವರು ಯಾರು?

ಮುಂದಿನ ಕೋಣೆಯಲ್ಲಿ ನಡೆದದ್ದು ಕಾಶವ್ವನಿಗೆ ತಿಳಿದದ್ದು ಆಮೇಲೆ. ಅಂಗಡಿಯವನು ಧರ್ಮ ಯಾವುದೆಂದು ಕೇಳಿದ. ಹುಡುಗಿ ಹಿಂದೂ ಎಂದಳು. ಹಾಗಾದರೆ ಸುಡುವುದು ತಾನೆ ಎಂದ. ಡಾಕ್ಟರು ಹುಡುಗಿಯ ಕಡೆ ತಿರುಗಿ, "ಏನಮ್ಮಾ, ನಿಮ್ಮಲ್ಲೂ ಹಾಗೇನೇ ಅಲ್ವಾ?" ಎಂದರು. ಪ್ರಿಯಾಂಕಾಳಿಗೆ ಉತ್ತರ ಗೊತ್ತಿತ್ತು. ಹಿಂದಿನ ವರ್ಷವಷ್ಟೆ ಶಾಲೆಯ ಧರ್ಮಪಾಠದ ಕ್ಲಾಸಿನಲ್ಲಿ, ಹಿಂದೂಗಳು ಸತ್ತವರನ್ನು ಸುಟ್ಟು ಬೂದಿಯನ್ನು ನದಿಗೆ ಬಿಡುತ್ತಾರೆ ಎಂದು ಚಿತ್ರ ಬರೆದು ಚಿನ್ನದ ನಕ್ಷತ್ರ ಗಿಟ್ಟಿಸಿದ್ದಳು. ಆ ಚಿತ್ರ ಅವರ ಮನೆಯ ಫ್ರಿಜ್ಜಿನ ಮೇಲೆಯೇ ಎಷ್ಟೋ ತಿಂಗಳು ಅಂಟಿಕೊಂಡಿತ್ತು. ನೀರಿನ ಪಕ್ಕದ ಕಿತ್ತಳೆ ಬಣ್ಣವನ್ನು ಕಾಶವ್ವ ದೀಪಾವಳಿಯ ದೀಪವೆಂದುಕೊಂಡು, ಭಾಳ ಛಂದ ಬರದೀ ಎಂದು ಹೊಗಳಿದ್ದಳು. ಹುಡುಗಿ ಹೌದು ಅಂಕಲ್ ಎಂದಳು. ಡಾಕ್ಟರು ಜಾಣೆ ಎಂದು ತಲೆ ಸವರಿದರು.

ಲಿಂಗಾಯತರು ಹೂಳುತ್ತಾರೆಂಬುದು ಡಾಕ್ಟರಿಗೆ ಗೊತ್ತಿರಲಿಲ್ಲವೆ? ಎಲ್ಲೋ ಕೇಳಿದ್ದರು, ಆ ಹೊತ್ತಿಗೆ ನೆನಪಾಗಲಿಲ್ಲ. ಕೆಟ್ಟ ಮನಸ್ಸಿನಿಂದ ಆದ ಕೆಲಸವಲ್ಲ ಇದು. ಹಾಗಾಗಿದ್ದರೆ ಬಯ್ಯಲಾದರೂ ಒಬ್ಬರು ಸಿಗುತ್ತಿದ್ದರು.

ಅಂದು ಕಾರಿನಿಂದ ಇಳಿದಾಗ ಕಾಶವ್ವನ ಕಣ್ಣಿಗೆ ಮೊದಲು ಬಿದ್ದದ್ದು ಹುಲ್ಲುಹಾಸು, ಗುಲಾಬಿ ಗಿಡಗಳು, ಅಲ್ಲಲ್ಲಿ ಹೆಸರಿನ ಕಲ್ಲುಗಳು. ಜಾಗ ಒಳ್ಳೆಯದಿದೆ ಎಂದುಕೊಂಡಳು. ಒಳಗೆ ಪೆಟ್ಟಿಗೆಯಲ್ಲಿ ಗಂಡನನ್ನು ಮಲಗಿಸಿದ್ದರು. ಈ ದೇಶದಲ್ಲಿ ಕೂಡಿಸುವುದು ಆಗಲಿಕ್ಕಿಲ್ಲ, ಹೋಗಲಿ, ಮಣ್ಣಂತೂ ಸಿಗುತ್ತದೆ ಎಂದು ಮನಸ್ಸನ್ನು ಒಪ್ಪಿಸಿದಳು. ಯಾರೋ ಮಂತ್ರ ಹೇಳಿದರು. ಡಾಕ್ಟರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರು. ಪರದೆ ಮುಚ್ಚಿತು. ಎಲ್ಲರೂ ಎದ್ದು ಹೊರಗೆ ಬಂದು ಕೈಹಿಡಿದು ಕಣ್ಣೊರೆಸಿಕೊಳ್ಳತೊಡಗಿದರು. ಕಾಶವ್ವ ಉಡಿಯ ಗಂಟನ್ನು ಬಿಚ್ಚಿ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಕಾದು ನಿಂತಳು. ಯಾರೂ ಹೂಳುವ ಕುಣಿಯ ಕಡೆ ಹೊರಡುವ ಹಾಗೆ ಕಾಣಲಿಲ್ಲ. ಕಲ್ಯಾಣಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ಅಕ್ಕಾರ, ಇನ್ನ ಮಣ್ಣ ಯಾವಾಗ ಕೊಡೂದು?"

"ಮಣ್ಣಾ? ಎಲ್ಲಾ ಆಗೋಯ್ತಲ್ಲ ಕಾಶಮ್ಮ," ಎಂದರು ಕಲ್ಯಾಣಿ. "ಬೂದಿ ನಾಳೆ ಕೊಡ್ತಾರಂತೆ."

ಎಷ್ಟೋ ಜನರನ್ನು ಸರಿಯಾಗಿ ಮಣ್ಣಿಗೆ ಮುಟ್ಟಿಸಿದ ಅಯ್ಯ, ತಾನು ಮಾತ್ರ ತಲೆಯ ಮೇಲೆ ಪಾದವಿಲ್ಲದೆ, ಕೈಯಲ್ಲಿ ಲಿಂಗವಿಲ್ಲದೆ, ಬೆಂಕಿಗೆ ಹೋಗಿದ್ದ. ಚೀರಬೇಕೆಂದು ಕಾಶವ್ವ ಬಾಯಿ ತೆರೆದಳು. ಅಷ್ಟರಲ್ಲಿ ಪ್ರಿಯಾಂಕಾ ಬಂದು ಸೊಂಟ ಅಪ್ಪಿಕೊಂಡು ಅವ್ವನ ಹೊಟ್ಟೆಯಲ್ಲಿ ಮುಖ ಹುದುಗಿಸಿದಳು. "ಅವ್ವಾ, ಅವರು ಕೇಳಿದ್ದಕ್ಕೆಲ್ಲ ನಾನೇ ಹೇಳಿದೆ. ನದಿಗೆ ಬಿಡೋದೂ ಹೇಳಿದೆ. ಸರಿಯಾಗಿ ಹೇಳಿದೆನಾ?"

ತೆರೆದ ಬಾಯಿಯನ್ನು ಕಾಶವ್ವ ಮುಚ್ಚಿಕೊಂಡಳು. "ಹೂಂ ಮಗಳ," ಎಂದಳು. "ಬರೋಬ್ಬರಿ ಹೇಳೀದಿ."

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಅನ್ನ ಹಾಕಿ ಸಾಕಬೇಕಾಗುತ್ತದೆ. ಊರಿನಿಂದ ಅತ್ತೆ ಫೋನು ಮಾಡಿ, "ಎಲ್ಲಿ ಮಣ್ಣ ಮಾಡಿದ್ರಿ? ಯಾವ ಅಯ್ಯಾರು ಪಾದ ಕೊಟ್ರು?" ಎಂದು ಅಳುತ್ತ ಕೇಳಿದಾಗ ಕಾಶವ್ವ, ಬಸ್ಸಿನಿಂದ ಕಾಣುವ ಆ ಸ್ಮಶಾನವನ್ನೇ ನೆನೆದು, ಗೋಡೆ, ಗೇಟು, ಮರ ಎಲ್ಲ ವರ್ಣಿಸಿ ಹೇಳಿದಳು. ಮಗಳಿಗೆ ಸುಟ್ಟದ್ದು ಸರಿ, ಅತ್ತೆಗೆ ಹೂಳಿದ್ದು ಸರಿ. ಮುದುಕಿ ಗೋರಿಯ ಮೇಲೆ ಹಾಕಲೆಂದು ವಿಭೂತಿ ಕಳಿಸಿದಳು. ಹಾಕಲು ಗೋರಿಯೆಲ್ಲಿದೆ? ಬೂದಿಯನ್ನೂ ಡಾಕ್ಟರು ದೋಣಿ ಗೊತ್ತುಮಾಡಿ ತೇಮ್ಸ್ ನದಿಗೆ ಬಿಡಿಸಿಯಾಗಿತ್ತು.

ಆ ವಸಂತದಲ್ಲಿ ಒಂದು ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಕಾಶವ್ವ ಹಿತ್ತಲಲ್ಲಿ ಮೊಣಕೈ ಆಳದ ಕುಣಿ ತೋಡಿದಳು. ಕರಡಿಗೆಯನ್ನು ವಿಭೂತಿಯಲ್ಲಿ ಹೊರಳಿಸಿ ನಿಲ್ಲಿಸಿದಳು. ಪತ್ರಿ ಎಲ್ಲಿಂದ ತರುವುದು, ಪಕ್ಕದ ಬೇಲಿಯ ಹಸಿರೆಲೆಗಳನ್ನೇ ಮೂರು ಮೂರಾಗಿ ಜೋಡಿಸಿ ಏರಿಸಿದಳು. ಹೆಂಗಸು ಮಾಡಬಹುದೋ ಬಾರದೋ ಎಂದು ಯೋಚಿಸುತ್ತ ಕೂರಲಿಲ್ಲ. ಮಣ್ಣು ಮುಚ್ಚಿ ಅತ್ತಳು. ಶಾಲೆ ಬಿಟ್ಟು ಬಂದ ಪ್ರಿಯಾಂಕಾ ಕೆದರಿದ ಮಣ್ಣು ನೋಡಿ ಏನು ಹಾಕಿದೆ ಎಂದು ಕೇಳಿದಳು. ಬಾಯಿಗೆ ಬಂದದ್ದು ಮೆಂತ್ಯ. ಹೇಳಿದ ತಪ್ಪಿಗೆ ಮರುದಿನ ಮೆಂತ್ಯದ ಕಾಳು ಚೆಲ್ಲಬೇಕಾಯಿತು.

ಹೀಗೆ ಐದು ವರ್ಷ ಕಳೆಯಿತು. ಪ್ರಿಯಾಂಕಾ ಹದಿನೇಳಕ್ಕೆ ಬಂದು, ಕಾಲೇಜಿನಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡಳು. ಅವಳು ಅವ್ವನ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಇಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಿದೆ.

"ಇದನ್ನ ಓದಿದ್ರ ಏನ ಆಗ್ತಾರ?" ಎಂದು ಕಾಶವ್ವ ಕೇಳಿದಳು. ಅವಳಿಗೆ ಮಗಳು ಡಾಕ್ಟರಾಗಲಿ ಎಂದಿತ್ತು.

"ಏನೂ ಆಗಲ್ಲ ಅವ್ವಾ. ಆದರೆ ಎಲ್ಲ ಅರ್ಥ ಆಗುತ್ತೆ."

ಅರ್ಥವಾಗುವುದಕ್ಕೂ ಕಾಲೇಜಿಗೆ ಹೋಗಬೇಕೆ ಎಂದು ಕಾಶವ್ವ ನಕ್ಕಳು. ಆದರೆ ಪ್ರಿಯಾಂಕಾಳಿಗೆ ಕಲಿತದ್ದನ್ನು ಯಾರಿಗಾದರೂ ಹೇಳಿದರೇ ತಲೆಗೆ ಹತ್ತುತ್ತಿತ್ತು. ಅಡಿಗೆಮನೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಹೇಳುವಳು. ಕಾಶವ್ವ ರೊಟ್ಟಿ ಬಡಿಯುತ್ತ ಕೇಳುವಳು. ಹುಟ್ಟಿದ ಕೂಸು ತನ್ನಷ್ಟಕ್ಕೆ ಮನುಷ್ಯನಾಗುವುದಿಲ್ಲ, ಮೊದಲು ಮನೆ, ಆಮೇಲೆ ಶಾಲೆ, ಗೆಳೆಯರು, ಟೀವಿ ಎಲ್ಲ ಸೇರಿ ಅದನ್ನು ತಿದ್ದುತ್ತವೆ, ಇದಕ್ಕೆ ಸಾಮಾಜೀಕರಣ ಎನ್ನುತ್ತಾರೆ. ಸ್ಥಾನಮಾನದಲ್ಲಿ ಎರಡು ಬಗೆ, ಹುಟ್ಟಿನಿಂದ ಬಂದದ್ದು ಒಂದು, ದುಡಿದು ಗಳಿಸಿದ್ದು ಒಂದು. "ಅಪ್ಪಂಗೆ ಊರಲ್ಲಿ ಮೊದಲನೇದು ಇತ್ತಲ್ವಾ?" ಎಂದು ಪ್ರಿಯಾಂಕಾ ಕೇಳಿದಳು. "ಇತ್ತವಾ. ಏರ್ಪೋರ್ಟಿನ್ಯಾಗ ಇಳಿಸಿಕೊಂಡ್ರು," ಎಂದಳು ಕಾಶವ್ವ. ಇಬ್ಬರೂ ನಕ್ಕರು.

ಇನ್ನೊಂದು ದಿನ ರೂಢಿಯ ಪಾಠ. "ರೂಢಿ ಅಂದರೆ ಎಲ್ಲೂ ಬರೆದಿರಲ್ಲ, ಅವ್ವಾ. ಯಾರೂ ಹೇಳಿಕೊಡಲ್ಲ, ನೋಡಿ ನೋಡಿ ಬರುತ್ತೆ. ಎಲ್ಲರಿಗೂ ಗೊತ್ತಿರೋದ್ರಿಂದ ಯಾರೂ ಕೇಳಲ್ಲ. ಅದು ಮುರಿದಾಗಲೇ ಹಾಗೊಂದು ಇತ್ತು ಅಂತ ತಿಳಿಯೋದು."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನೋಡಿ ನೋಡಿ ಬರಬೇಕು! ಕಾಶವ್ವನೇ ಎಷ್ಟು ಚಿಕ್ಕವಳಿದ್ದಾಗ ಅಜ್ಜನ ಮಣ್ಣಿಗೆ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದಳು. ಈ ಕೂಸು ಯಾರ ಮಣ್ಣು ನೋಡಿತ್ತು? ಗ್ರೀನ್‌ಫರ್ಡಿನಲ್ಲಿ ಅವರ ಪೈಕಿ ಮೊದಲು ಸತ್ತವನೇ ಕಲ್ಲಯ್ಯ. ಮನೆ ಕಲಿಸದ್ದನ್ನು ಶಾಲೆ ಕಲಿಸಿತು, ಹುಡುಗಿ ಕಲಿತದ್ದನ್ನು ಒಪ್ಪಿಸಿದಳು.

ಸಿದ್ಧಾಂತಗಳೂ ಬಂದವು. ಸಮಾಜವೆಂದರೆ ಒಂದು ಮೈ ಇದ್ದ ಹಾಗೆ, ಒಂದೊಂದು ಪದ್ಧತಿಯೂ ಒಂದೊಂದು ಅಂಗದಂತೆ ಕೆಲಸ ಮಾಡಿ ಅದನ್ನು ಹಿಡಿದಿಡುತ್ತದೆ ಎನ್ನುವವರು ಕೆಲವರು. ಹಾಗಲ್ಲ, ಬಲವುಳ್ಳವರ ಮಾತೇ ಪದ್ಧತಿಯಾಗಿ ನಡೆಯುತ್ತದೆ, ಇಲ್ಲದವರು ಬಾಯಿ ಮುಚ್ಚಿಕೊಳ್ಳುತ್ತಾರೆ ಎನ್ನುವವರು ಕೆಲವರು. ಎರಡೂ ಅಲ್ಲ, ಮನುಷ್ಯರು ಎದುರುಬದುರು ಕೂತು ಮಾತಾಡುತ್ತ ಒಂದೊಂದಕ್ಕೂ ತಾವೇ ಅರ್ಥ ಕಟ್ಟಿಕೊಳ್ಳುತ್ತಾರೆ ಎನ್ನುವವರು ಮತ್ತೆ ಕೆಲವರು. "ಯಾವುದು ಖರೆ?" ಎಂದಳು ಕಾಶವ್ವ. "ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇದೆ ಅಂತಾರೆ ಟೀಚರ್," ಎಂದಳು ಮಗಳು. ಕಾಶವ್ವ ಎಲ್ಲವನ್ನೂ ಸಾವಿನ ದಿನದ ಆ ಎರಡು ಕೋಣೆಗಳಿಗೆ ಹಚ್ಚಿ ನೋಡಿದಳು, ಎಲ್ಲವೂ ಹೊಂದಿದವು. ತಪ್ಪು ಮಗಳದಲ್ಲ, ಡಾಕ್ಟರದಲ್ಲ, ಬಹುಶಃ ತನ್ನದೂ ಅಲ್ಲ. ಹಾಗಾದರೆ ಯಾರದು? ಸಮಾಜದ್ದು ಎನ್ನುತ್ತದೆ ಆ ಪುಸ್ತಕ. ಸಮಾಜವನ್ನು ಹಿಡಿದು ಎರಡು ಬಾರಿಸೋಣವೆಂದರೆ ಅದರ ಮನೆ ಎಲ್ಲಿದೆಯೋ ಯಾರಿಗೆ ಗೊತ್ತು.

ಕುತ್ತು ಬಂದದ್ದು ಪ್ರಾಜೆಕ್ಟಿನ ರೂಪದಲ್ಲಿ. ತಮ್ಮ ಸಮುದಾಯದ ಒಂದು ರೂಢಿಯನ್ನು ಆರಿಸಿಕೊಂಡು, ಹಿರಿಯರಲ್ಲಿ ಕನಿಷ್ಠ ಮೂವರನ್ನು ಮಾತಾಡಿಸಿ, ಟೇಪ್ ಮಾಡಿ ಬರೆಯಬೇಕಂತೆ. ಪ್ರಿಯಾಂಕಾ ಸಾವಿನ ಸಂಸ್ಕಾರವನ್ನು ಆರಿಸಿಕೊಂಡಿದ್ದಳು. "ಅಪ್ಪನಿಗೋಸ್ಕರ," ಎಂದಳು. ಕಲ್ಯಾಣಿ ಆಂಟಿಯನ್ನು ಆಗಲೇ ಕೇಳಿಯಾಗಿತ್ತು. ಅವರು ತಮ್ಮ ಮನೆಯಲ್ಲಿ ಸುಡುವ ಕ್ರಮವನ್ನು ಪಾಪ ಸಾಂಗವಾಗಿ ಹೇಳಿದ್ದರು. ಎರಡನೆಯವಳು ಅವ್ವ. ಮೂರನೆಯವರಾಗಿ, ದೀಪಾವಳಿಯ ಕೂಟದಲ್ಲಿ ಪರಿಚಯವಾದ ಚನ್ನಬಸವ್ವಜ್ಜಿ ಬರುವ ಭಾನುವಾರ ಮನೆಗೆ ಬರಲು ಒಪ್ಪಿದ್ದಾರೆ ಎಂದಳು.

ಚನ್ನಬಸವ್ವ ಬೆಳಗಾವಿಯ ಕಡೆಯ ಮುದುಕಿ, ಮಗನ ಮನೆಗೆಂದು ಆ ವರ್ಷವಷ್ಟೆ ಗ್ರೀನ್‌ಫರ್ಡಿಗೆ ಬಂದಿದ್ದಳು. ಲಿಂಗಪೂಜೆಯಾಗದೆ ಹನಿ ನೀರು ಬಾಯಿಗೆ ಹಾಕದವಳು. ಅವಳ ಮುಂದೆ ಹುಡುಗಿ ಟೇಪ್ ಹಿಡಿದು ಕೂತರೆ, ಮೊದಲ ಮಾತಿಗೇ ಎಲ್ಲ ಬಯಲಾಗುತ್ತಿತ್ತು. ಅಪ್ಪನನ್ನು ಬೆಂಕಿಗೆ ಕಳಿಸಿದ್ದು ತನ್ನ ಬಾಯಿಂದ ಬಂದ ಮಾತು ಎಂದು ಹದಿನೇಳರ ಹುಡುಗಿ ತಿಳಿಯುತ್ತಿದ್ದಳು. ಆಮೇಲೆ ಜೀವಮಾನವಿಡೀ, ಅನ್ನ ತಿನ್ನುವಾಗಲೂ, ಅದು ಅವಳನ್ನು ತಿನ್ನುತ್ತಿತ್ತು. ಕಾಶವ್ವ ಮರುದಿನ ಕೆಲಸಕ್ಕೆ ರಜೆ ಹಾಕಿ, ಚನ್ನಬಸವ್ವನ ಮನೆಯ ಗಂಟೆ ಒತ್ತಿದಳು.

ಮುದುಕಿ ಬಾಗಿಲು ತೆರೆದವಳೇ ಬಾಗಿ ಪಾದ ಮುಟ್ಟಲು ಬಂದಳು. ಕಾಶವ್ವ ಹಿಂದೆ ಸರಿದಳು. "ಬ್ಯಾಡ ಆಯಿ, ನೀವು ಹಿರ್ಯಾರು."

"ವಯಸ್ಸಿಗೆ ಹಿರ್ಯಾಕಿರಬಹುದು. ನೀವು ಅಯ್ಯಾರ ಮನಿಯಾಕಿ, ಅಮ್ಮಾರ."

ಕಾಶವ್ವ ಕೂತು ಎಲ್ಲವನ್ನೂ ಹೇಳಿದಳು. ಐದು ವರ್ಷದಲ್ಲಿ ಮೊದಲ ಸಲ.

"ಅಯ್ಯಾರನ್ನ ಸುಟ್ರ್ಯಾ?" ಎಂದಳು ಚನ್ನಬಸವ್ವ. "ಶಿವನ!"

"ಆಕಿ ಕೂಸರಿ. ಹನ್ನೆರಡು ವರ್ಷದ್ದು."

"ತಪ್ಪು ಕೂಸಿಂದಲ್ಲ."

"ಅಲ್ಲಂತ ನಿಮಗ ಗೊತ್ತದ, ನನಗ ಗೊತ್ತದ. ಆಕಿಗೆ ಹೇಳಿದ್ರ ಕೇಳ್ತಾಳೇನು? ಆಯಿ, ಆಕಿ ಕೇಳಿದ್ರ ನಮ್ಮಾಗ ಸುಡತಾರ ಅಂದುಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಲಿಂಗ ಕಟಗೊಂಡಾಕಿ ಕಡಿಂದ ಸುಳ್ಳ ಹೇಳಸ್ತೀರಿ, ಅಮ್ಮಾರ," ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಕೇಳಿದಳು: "ಅದಿರಲಿ. ನಾಳೆ ನಿಮ್ಮ ಗತಿ?"

ಕಾಶವ್ವನಿಗೆ ಪ್ರಶ್ನೆ ತಿಳಿಯಲಿಲ್ಲ.

"ನಿಮ್ಮನ್ನ ಕಳಸಾಕಿ ಆ ಹುಡುಗೀನ ಅಲ್ಲೇನು? ಸುಡತಾರ ಅಂತ ಇಬ್ಬರೂ ಹೇಳಿದ ಮ್ಯಾಲ ಆಕಿ ನಿಮಗ ಮಣ್ಣ ಕೊಡ್ತಾಳೇನು?"

ಮಗಳ ಚಿಂತೆಯಲ್ಲಿ ಕಾಶವ್ವ ಇದನ್ನು ಯೋಚಿಸಿಯೇ ಇರಲಿಲ್ಲ. ತನಗಾದರೂ ಆ ಬಸ್ಸಿನ ಗೋಡೆಯಾಚೆಯ ಕೆಂಪು ಮಣ್ಣು ಇದೆ ಎಂದು ಒಳಗೊಳಗೇ ನಂಬಿಕೊಂಡು ಬದುಕಿದ್ದಳು. ಸಮಯ ಬಂದಾಗ ಹೇಗೋ ಮಗಳಿಗೆ ಹೇಳಿದರಾಯಿತು ಎಂದುಕೊಂಡಿದ್ದಳು. ಈಗ ನೋಡಿದರೆ, ತನಗೆ ಮಣ್ಣು ಬೇಕೆಂದು ಹೇಳುವುದೂ ಒಂದೇ, ನಿಮ್ಮಪ್ಪನಿಗೆ ಸಿಗಲಿಲ್ಲ ಎಂದು ಹೇಳುವುದೂ ಒಂದೇ. ಎದ್ದು ಮನೆಗೆ ಬಂದಳು. ಬೆಂಕಿಯ ಭಯ ಸಣ್ಣದಲ್ಲ. ಆ ವಾರವೆಲ್ಲ ಕಾರ್ಖಾನೆಯಲ್ಲಿ ಬ್ರೆಡ್ಡಿನ ಮೇಲೆ ಬ್ರೆಡ್ಡು ಇಡುತ್ತ, ಪರದೆಯ ಹಿಂದೆ ಏನಿರುತ್ತದೆ ಎಂದು ನೆನೆನೆನೆದು ಬೆವರಿದಳು. ಒಂದು ಸಲ ಮಗಳಿಗೆ ಹೇಳಿಯೇಬಿಡೋಣವೆಂದು ಅವಳ ಕೋಣೆಯ ಬಾಗಿಲವರೆಗೂ ಹೋದಳು. ಮೇಜಿನ ಮೇಲೆ ಕಲ್ಲಯ್ಯನ ಫೋಟೋ ಇಟ್ಟುಕೊಂಡು ಹುಡುಗಿ ಪ್ರಶ್ನೆಗಳನ್ನು ಬರೆಯುತ್ತಿದ್ದಳು. ಕಾಶವ್ವ ಚಹ ಬೇಕೇನೆಂದು ಕೇಳಿ ತಿರುಗಿ ಬಂದಳು.

ಭಾನುವಾರ ಮಧ್ಯಾಹ್ನ ಚನ್ನಬಸವ್ವ ಬಂದು ಸೋಫಾದ ತುದಿಯಲ್ಲಿ ಕೂತಳು. ಪ್ರಿಯಾಂಕಾ ಟೇಪ್ ರೆಕಾರ್ಡರ್ ಒತ್ತಿ, ಕಲಿತು ಬಂದಿದ್ದ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ನಮ್ಮವರಲ್ಲಿ ಯಾರಾದರೂ ಸತ್ತರೆ ಏನು ಮಾಡ್ತಾರೆ?"

ಮುದುಕಿ ಟೇಪನ್ನು ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಕಾಶವ್ವನನ್ನು ನೋಡಿದಳು. "ಮೊದಲ ನಿಮ್ಮವ್ವನ್ನ ಕೇಳವಾ," ಎಂದಳು. "ಅವರು ಏನಂತಾರ, ನಂದೂ ಅದ."

ಕಾಶವ್ವನಿಗೆ ಗೊತ್ತಾಯಿತು. ನಿಜ ಹೇಳಲು ಮುದುಕಿ ಬಾಗಿಲನ್ನು ಕೊನೆಯ ಸಲ ತೆರೆದು ಹಿಡಿದಿದ್ದಳು. ಟೇಪು ಗಿರ್ರೆಂದು ತಿರುಗುತ್ತಿತ್ತು. ಮಗಳು ಅವ್ವನ ಕಡೆ ತಿರುಗಿ ಕಾದಳು. ಅದೇ ಕಣ್ಣು, ಸರಿಯಾಗಿ ಹೇಳಿದೆನಾ ಎಂದು ಅಂದು ಕೇಳಿದ್ದು.

"ಸುಡತಾರ," ಎಂದಳು ಕಾಶವ್ವ. "ನಮ್ಮಾಗ ಸುಡತಾರ."

"ಹೌದವಾ," ಎಂದಳು ಚನ್ನಬಸವ್ವ. "ಸುಡತಾರ." ಅಂದವಳೇ ಸೆರಗಿನೊಳಗಿನ ಕರಡಿಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಅಳತೊಡಗಿದಳು. ಅಜ್ಜಿಗೆ ತೀರಿಹೋದ ಯಜಮಾನರ ನೆನಪಾಗಿರಬೇಕೆಂದುಕೊಂಡು ಪ್ರಿಯಾಂಕಾ ಟೇಪು ನಿಲ್ಲಿಸಿ, ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

ಪ್ರಾಜೆಕ್ಟಿಗೆ ಕ್ಲಾಸಿನಲ್ಲೇ ಹೆಚ್ಚು ಅಂಕ ಬಂದವು. ಬೇರೆ ಬೇರೆ ಊರಿನ ಮೂವರನ್ನು ಕೇಳಿದರೂ ಉತ್ತರ ಒಂದೇ ಬಂದದ್ದರಿಂದ ಇದು ನಂಬಬಹುದಾದ ಮಾಹಿತಿ ಎಂದು ಟೀಚರ್ ಮೆಚ್ಚಿಕೊಂಡರಂತೆ. ದೇಶ ಬಿಟ್ಟು ಬಂದರೂ ತಮ್ಮ ಮನೆಯ ಈ ರೂಢಿ ಬದಲಾಗಲಿಲ್ಲ ಎಂದು ಪ್ರಿಯಾಂಕಾ ಕೊನೆಯಲ್ಲಿ ಬರೆದಿದ್ದಳು. ಅದನ್ನವಳು ಹಿತ್ತಲ ಮೆಟ್ಟಿಲ ಮೇಲೆ ಅವ್ವನ ಪಕ್ಕ ಕೂತು ಓದಿ ಹೇಳಿದಳು. ಎದುರಿಗೆ ಮೆಂತ್ಯ ಆಗಷ್ಟೆ ಮೊಳೆತಿತ್ತು.

ಓದಿ ಮುಗಿಸಿ ಅವ್ವನ ಭುಜಕ್ಕೆ ತಲೆಯಾನಿಸಿದಳು. "ಅವ್ವಾ, ಬೇಜಾರು ಮಾಡ್ಕೋಬೇಡ. ನಿನ್ನ ಕಾಲಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲ ಗೊತ್ತಾಯ್ತಲ್ಲ. ಅಪ್ಪನಿಗೆ ಮಾಡಿದ ಹಾಗೇ ಮಾಡ್ತೀನಿ."

ಕಾಶವ್ವನಿಗೆ ದುಃಖವೂ ಇತ್ತು, ಈ ಹುಡುಗಿ ಹಗುರಾಗಿ ಕೂತಿದ್ದಾಳಲ್ಲ ಎಂಬ ಸಂತೋಷವೂ ಇತ್ತು. ಯಾವುದು ಹೆಚ್ಚೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ಕೊರಳಲ್ಲಿದ್ದ ತನ್ನ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು.

"ಮಾಡವಾ," ಎಂದಳು. "ಹಂಗ ಮಾಡು. ಆದ್ರ ಒಂದು ನಿನಗ ಹೇಳೂದು ಉಳದದ. ಇದನ್ನ ಬೆಂಕಿಗೆ ಹಾಕಬಾರದು. ಬಿಚ್ಚಿ ತಗದು, ವಿಭೂತಿ ಹಚ್ಚಿ, ಆ ಮೆಂತ್ಯದ ಪಾತ್ಯಾಗ ಮಣ್ಣ ಕೊಡು. ನಿಮ್ಮಪ್ಪಂದೂ ಅಲ್ಲೇ ಅದ."

ಪ್ರಿಯಾಂಕಾ ತಲೆಯೆತ್ತಿ ಪಾತಿಯನ್ನು ನೋಡಿದಳು. ಇಷ್ಟು ವರ್ಷ ಸೊಪ್ಪು ಕೀಳಲು ಬಿಡದ ಹುಚ್ಚು ಅವಳಿಗೆ ಈಗ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡಳು. ಕಣ್ಣು ತುಂಬಿ ಬಂತು.

"ಅಂದರೆ ಮೈಗೆ ಬೆಂಕಿ, ಲಿಂಗಕ್ಕೆ ಮಣ್ಣು," ಎಂದಳು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅವ್ವಾ? ಪ್ರಾಜೆಕ್ಟಿನಲ್ಲಿ ಬರೀತಿದ್ದೆ. ತುಂಬಾ ಹಳೇ ಪದ್ಧತಿನಾ?"

"ಹೂಂ, ಹಳೇದ," ಎಂದಳು ಕಾಶವ್ವ. "ನಿಮ್ಮಪ್ಪನ ಕಾಲದಿಂದ ನಡಕೋತ ಬಂದದ್ದವಾ."